ಅಬೂನಾ ಅರ್ಸಾನಿಯವರ ಕೆಮ್ಮು

ಮೂರನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಬನೂಬನಿಗೆ ತನ್ನ ಪಾಪ ಬಾಯಿಪಾಠವಾಗಿತ್ತು. ಕೆಳಗಿನಿಂದ ಒಂದೊಂದು ಮೆಟ್ಟಿಲಿಗೆ ಒಂದೊಂದು ಮಾತು ಜೋಡಿಸಿಕೊಂಡು ಬಂದಿದ್ದ. ತೊಂದರೆಯೆಂದರೆ, ಮೊದಲನೆಯ ಮಹಡಿಯಲ್ಲಿ ಪಶ್ಚಾತ್ತಾಪಪಟ್ಟವನ ದನಿಯಲ್ಲಿ ಹೇಳಿಕೊಂಡ ಆ ಮಾತುಗಳು ಎರಡನೆಯದಕ್ಕೆ ಬರುವಾಗ ಪಶ್ಚಾತ್ತಾಪಪಟ್ಟವನನ್ನು ಯಾರೋ ಅಣಕಿಸಿದಂತೆ ಕೇಳಿಸಿದ್ದವು. ಈಗ ಮೂರನೆಯದರಲ್ಲಿ, ಎರಡು ಕಿಲೋ ಕಿತ್ತಳೆಯ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, ಏದುಸಿರು ಬಿಡುತ್ತ, ತನ್ನ ಸ್ವಂತ ದನಿ ಯಾವುದಿತ್ತು ಎಂದು ಅವನು ಹುಡುಕುತ್ತಿದ್ದ. ಐವತ್ತೇಳು ವರ್ಷದ ಆ ಗಂಟಲಿನಲ್ಲಿ ಕೈರೋದ ಶುಬ್ರಾ ಬಡಾವಣೆಯ ಅರ್ಧ ಜನ ಬಾಡಿಗೆ ಕೊಡದೆ ವಾಸವಾಗಿದ್ದರು. ಅವನು ಗುಮಾಸ್ತನಾಗಿದ್ದ ಪೋಸ್ಟಾಫೀಸಿನ ಮೇಲಧಿಕಾರಿಯಿದ್ದ, ಮೂಗಿನಲ್ಲಿ ಮಾತಾಡುವ ಔಷಧಿ ಅಂಗಡಿಯವನಿದ್ದ, ಮೆಟ್ರೋದಲ್ಲಿ ಬಾಚಣಿಗೆ ಮಾರುವ ಹೆಂಗಸಿದ್ದಳು, ಸತ್ತು ಹನ್ನೊಂದು ವರ್ಷವಾದ ಸೋದರಮಾವನಿದ್ದ. ಮನೆಯ ಮಾಲೀಕನಿಗೇ ಜಾಗವಿರಲಿಲ್ಲ.

ಕೆಳಗೆ ಬಾಗಿಲಲ್ಲೂ ಇದೇ ಗಂಟಲಿನ ಮಾತು ಬಂದಿತ್ತು. ಕಾವಲುಗಾರ ಹಸಾನೀನ್ ಬೆಂಚಿನ ಮೇಲೆ ಕಾಲು ಮಡಿಚಿ ಕೂತವನು ಅವನನ್ನು ಕಂಡದ್ದೇ ಚಹಾದ ಲೋಟ ಕೆಳಗಿಟ್ಟಿದ್ದ. ದಕ್ಷಿಣದ ಸೋಹಾಗ್ ಕಡೆಯವನು. ನಲವತ್ತು ವರ್ಷ ಕೈರೋದಲ್ಲಿದ್ದರೂ ಊರಿನ ಮಾತು ಬಿಟ್ಟಿರಲಿಲ್ಲ.

"ಬರ್ರಿ ಬರ್ರಿ ಉಸ್ತಾದ್! ಆರ್ ತಿಂಗಳಾತು ಮುಖಾ ನೋಡಿ. ಇವತ್ತ ಗಂಟಲ್ದಾಗ ಯಾರನ್ನ ಕರ್ಕೊಂಡ್ ಬಂದೀರಿ?"

"ಯಾರೂ ಇಲ್ಲ ಹಸಾನೀನ್. ಒಬ್ಬನೇ ಬಂದಿದ್ದೀನಿ."

"ಎರಡನೇ ಮಾಳಿಗಿ ವಕೀಲರನ್ನಾದ್ರೂ ಒಂಚೂರು ಮಾಡ್ರಿ. ಮುಂಜಾನಿಂದ ನಕ್ಕಿಲ್ಲ ನಾ."

"ಅಂಗಡಿ ಮುಚ್ಚಿದೆ."

"ಕಾಯಂ?"

"ಕಾಯಂ."

ಹಸಾನೀನ್ ತಲೆಯ ರುಮಾಲು ಸರಿಮಾಡಿಕೊಂಡು, "ಹೋದ ವರ್ಷಾನೂ ಹಂಗ ಅಂದಿದ್ರಿ," ಎಂದು ಲೋಟ ಎತ್ತಿಕೊಂಡಿದ್ದ.

ಅಂದದ್ದು ನಿಜ. ಹೋದ ವರ್ಷ, ಅದರ ಹಿಂದಿನ ವರ್ಷ, ಇಪ್ಪತ್ತಮೂರು ವರ್ಷದಿಂದ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಮುಗಿಯುತ್ತ ಬಂದ ಹಾಗೆ ಅಣಕದ ಅಂಗಡಿ ಮುಚ್ಚಿದೆ ಎನ್ನುತ್ತಲೇ ಬಂದಿದ್ದಾನೆ. ಬರುವ ಭಾನುವಾರ ಗರಿಗಳ ಹಬ್ಬ. ಚರ್ಚಿನ ಹೊರಗೆ ಆಗಲೇ ಹೆಂಗಸರು ಖರ್ಜೂರದ ಎಳೆಗರಿ ಹರವಿಕೊಂಡು ಶಿಲುಬೆ, ಕಿರೀಟ, ಪುಟ್ಟ ಕತ್ತೆ ಹೆಣೆಯುತ್ತ ಕೂತಿದ್ದಾರೆ. ಅದು ಕಳೆದರೆ ಯೇಸುವಿನ ಪಾಡುಗಳ ವಾರ. ಆ ವಾರ ಅವರ ಚರ್ಚಿನಲ್ಲಿ ಪಾಪನಿವೇದನೆ ಕೇಳಲು ಯಾರೂ ಕೂರುವುದಿಲ್ಲ. ಇವತ್ತು ಗುರುವಾರ. ಇವತ್ತು ಹೇಳದಿದ್ದರೆ ಈಸ್ಟರಿಗೂ ಅವನು ಕಂಬದ ಹಿಂದೆಯೇ. ಪಾಪ ಹೇಳಿಕೊಳ್ಳದವನಿಗೆ ಪರಮಪ್ರಸಾದವಿಲ್ಲ, ಆರು ತಿಂಗಳಿಂದ ಅದು ಅವನ ನಾಲಿಗೆಗೆ ತಾಕಿಲ್ಲ. ಜನ ಸಾಲಾಗಿ ಮುಂದೆ ಹೋಗುವ ಹೊತ್ತಿಗೆ ಅವನು ಕಂಬಕ್ಕೆ ಆತು ನಿಲ್ಲುತ್ತಾನೆ, ಯಾರಾದರೂ ಕೇಳಿದರೆ, "ಬೆಳಿಗ್ಗೆ ಮರೆತು ನೀರು ಕುಡಿದುಬಿಟ್ಟೆ," ಎನ್ನುತ್ತಾನೆ. ಖಾಲಿ ಹೊಟ್ಟೆಯಲ್ಲದೆ ಪ್ರಸಾದವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಪ್ರಶ್ನೆ ಬರುವುದಿಲ್ಲ. ಹೋದ ಭಾನುವಾರ ಮಾತ್ರ ಗಾಯನದ ಗುಂಪಿನ ರಮ್ಸಿ ಭುಜ ತಟ್ಟಿ, "ಆರು ತಿಂಗಳಿಂದ ಮರೆತು ಕುಡೀತಿದ್ದೀಯಲ್ಲೋ, ನಮ್ಮ ನೈಲ್ ನದಿ ಗತಿ ಏನು?" ಎಂದ. ಸುತ್ತಲಿದ್ದವರು ನಕ್ಕರು. ಬನೂಬನೂ ನಕ್ಕ, ನಕ್ಕಾದ ಮೇಲೆ ನೋಡಿದರೆ ಆ ನಗು ರಮ್ಸಿಯದೇ ಆಗಿತ್ತು, ಕೊನೆಯಲ್ಲಿ ಮೂಗಿನಿಂದ ಹೊರಡುವ ಶಬ್ದವೂ ಸೇರಿ.

ಐದನೆಯ ಮಹಡಿಯ ಅಬೂನಾ ಅರ್ಸಾನಿಯವರಿಗೆ ಸೆಪ್ಟೆಂಬರಿನ ಶಿಲುಬೆಯ ಹಬ್ಬದ ವಾರ ಪಾರ್ಶ್ವವಾಯು ಹೊಡೆದು ಮಾತು ಹೋಗಿತ್ತು. ಇಪ್ಪತ್ತಮೂರು ವರ್ಷ ಅವನ ಪಾಪ ಕೇಳಿದ ಪಾದ್ರಿ, ಎಲ್ಲರ ಬಾಯಲ್ಲಿ ಅಬೂನಾ, ನಮ್ಮಪ್ಪ. ಮೊದಮೊದಲು ಅವರು ಗಂಭೀರವಾಗಿ ಬುದ್ಧಿ ಹೇಳುತ್ತಿದ್ದರು, ಆಮೇಲಾಮೇಲೆ ಪಕ್ಕದ ಕುರ್ಚಿ ತೋರಿಸಿ, ಗಡ್ಡ ಕೆರೆದುಕೊಂಡು, "ಏನೋ ಬನೂಬ್, ಮತ್ತೆ ಅದೇನಾ?" ಎನ್ನುವರು.

"ಅದೇ, ಅಬೂನಾ."

"ಹೊಸದೊಂದಾದರೂ ಮಾಡಬಾರದೇನೋ? ಕೇಳೋನಿಗೂ ಬೇಸರ ಆಗಲ್ವಾ?"

ಒಂದು ಸಲ ಬನೂಬ ತಡೆಯಲಾರದೆ ಕೇಳಿದ್ದ: "ಪ್ರತಿ ಸಲ ಇನ್ನು ಮಾಡಲ್ಲ ಅಂತೀನಿ ಅಬೂನಾ. ಅದೂ ಸುಳ್ಳೇ ಅಲ್ವಾ? ಪಾಪ ಹೇಳ್ಕೊಳ್ಳೋಕೆ ಬಂದು ಇನ್ನೊಂದು ಪಾಪ ಮಾಡಿ ಹೋಗ್ತಿದ್ದೀನಿ."

"ಹೇಳೋ ಹೊತ್ತಲ್ಲಿ ನಿಜ ತಾನೆ?"

"ಹೇಳೋ ಹೊತ್ತಲ್ಲಿ ನಿಜ."

"ಸಾಕು ಬಿಡು. ದೇವರು ನಿನಗಿಂತ ಮೊದಲು ನಿನ್ನ ಗಂಟಲನ್ನ ಬಲ್ಲ. ನೀನು ಮತ್ತೆ ಮತ್ತೆ ಬರ್ತೀಯಲ್ಲ, ನನಗೆ ಅದರ ಭಯ ಇಲ್ಲ. ಬರೋದು ನಿಲ್ಲಿಸಿದ ದಿನ ಭಯ." ಹಾಗೆಂದು ಅವನನ್ನು ಮೊಣಕಾಲೂರಿಸಿ, ಬಾಗಿದ ತಲೆಯ ಮೇಲೆ ಕೈಶಿಲುಬೆಯಿಟ್ಟು, ಪಾಪವಿಮೋಚನೆಯ ಪ್ರಾರ್ಥನೆಗೆ ಮುಂಚೆ ಒಮ್ಮೆ ಕೆಮ್ಮುವರು. ಎರಡು ಗಿಡ್ಡ ಕೆಮ್ಮು, ಒಂದು ಉದ್ದ. ಹಳೆಯ ಕಾರು ಚಳಿಯಲ್ಲಿ ಹೊರಡುವ ಹಾಗೆ. ಆ ಕೆಮ್ಮು ಕೇಳಿದರೆ ಸಾಕು, ಬನೂಬನ ಭುಜಗಳು ತಾವಾಗಿಯೇ ಇಳಿಯುತ್ತಿದ್ದವು. ಇಡೀ ಶುಬ್ರಾದಲ್ಲಿ ಅವನಷ್ಟು ಚೆನ್ನಾಗಿ ಆ ಕೆಮ್ಮು ಕೆಮ್ಮುವವರೂ ಇರಲಿಲ್ಲ.

ನಾಲ್ಕನೆಯ ಮಹಡಿ. ಯಾರದೋ ಅಡುಗೆಮನೆಯಿಂದ ಈರುಳ್ಳಿ ಕರಿಯುವ ವಾಸನೆ. ಅವನ ಹೆಂಡತಿ ಬಹೀಗಾ ಕರಿಯುವ ಈರುಳ್ಳಿಯನ್ನು ಯಾವಾಗಲೂ ಒಂದು ನಿಮಿಷ ಹೆಚ್ಚಿಗೆ ಬಿಡುತ್ತಿದ್ದಳು, ಅಂಚು ಕಪ್ಪಾಗುವ ತನಕ. ಅವಳ ಮಾತೂ ಹಾಗೆಯೇ, ಪ್ರತಿ ಪದದ ತುದಿಯನ್ನು ಒಂದಿಷ್ಟು ಎಳೆದು ಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಆ ಎಳೆತ ಕೇಳಲೆಂದೇ ಅವನು ಏನೇನೋ ಪ್ರಶ್ನೆ ಕೇಳುತ್ತಿದ್ದ. ಆಮೇಲೆ ತಂಗಿಯ ಮಗಳ ನಿಶ್ಚಿತಾರ್ಥದಲ್ಲಿ ನಲವತ್ತು ಜನರ ಮುಂದೆ, ಬಹೀಗಾ ಹಾಲಿನವನ ಜೊತೆ ಜಗಳವಾಡುವುದನ್ನು ಮಾಡಿ ತೋರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಕೈಯಲ್ಲಿದ್ದ ಶರಬತ್ತಿನ ತಟ್ಟೆ ಹಿಡಿದುಕೊಂಡೇ. ಆದರೆ ಅವತ್ತಿನಿಂದ ಮಾತಿನ ತುದಿ ಕತ್ತರಿಸಿ ಆಡತೊಡಗಿದಳು. ಫೋನು ಬಂದರೆ ಅಡುಗೆಮನೆಗೆ ಒಯ್ದು ಬಾಗಿಲು ಹಾಕಿಕೊಳ್ಳುವಳು. ಊಟ ಬಡಿಸಿ, "ಆಯ್ತು," ಎನ್ನುವಳು, ಅಷ್ಟೇ. ಕೊನೆಯ ಸಲ ಆಸ್ಪತ್ರೆಯಲ್ಲಿ ಅವನು ಮಂಚದ ಪಕ್ಕದಲ್ಲೇ ಕೂತಿದ್ದಾಗ, ನರ್ಸಿನ ಕಿವಿ ಹತ್ತಿರ ಎಳೆದುಕೊಂಡು ಏನೋ ಪಿಸುಗುಟ್ಟಿದಳು. ನರ್ಸು ತಿರುಗಿ, "ನಿಮ್ಮ ಹತ್ರ ನೀರು ಕೇಳ್ತಿದ್ದಾರೆ," ಎಂದಳು. ಅವಳು ಹೋಗಿ ಮೂರು ವರ್ಷ. ಈಗ ಸಂಜೆ ಕೆಲಸದಿಂದ ಬಂದು ಬೀಗ ತೆಗೆದು, ಚಪ್ಪಲಿ ಬಿಟ್ಟು, ಖಾಲಿ ಅಡುಗೆಮನೆಯ ಕಡೆ ನಿಂತು ಅವನು, "ಚಹಾ ಕುಡೀತೀಯಾ...?" ಎಂದು ಅವಳ ದನಿಯಲ್ಲಿ ಕೇಳುತ್ತಾನೆ, ಆ ಹಳೆಯ ಎಳೆತದ ಸಮೇತ. "ಹೂಂ, ಮಾಡು," ಎಂದು ತಾನೇ ಹೇಳಿ ತಾನೇ ಹೋಗಿ ಮಾಡುತ್ತಾನೆ. ಇದನ್ನೂ ಹೇಳಿಕೊಳ್ಳಬೇಕಾ? ಇದು ಪಾಪವೋ, ಅಲ್ಲವೋ, ಅಬೂನಾ ಇದ್ದಿದ್ದರೆ ಕೇಳಬಹುದಿತ್ತು. ಇದ್ದಾರೆ, ಒಂದು ಮಹಡಿ ಮೇಲೆ. ಅವರ ಉತ್ತರ ಇಲ್ಲ, ಅಷ್ಟೇ.

ಆದರೆ ಅವನನ್ನು ಇವತ್ತು ಇಲ್ಲಿಗೆ ಹತ್ತಿಸಿದ್ದು ಬಹೀಗಾ ಅಲ್ಲ, ಬಸ್ಸು. ಜನವರಿಯಲ್ಲಿ ಚರ್ಚಿನವರು ನತ್ರೂನ್ ಕಣಿವೆಯ ಮಠಕ್ಕೆ ಬಸ್ಸು ಮಾಡಿಕೊಂಡು ಹೊರಟಿದ್ದರು. ಹೋಗುವಾಗ ಅರ್ಧ ದಾರಿ ಸ್ತೋತ್ರ, ಇನ್ನರ್ಧ ದಾರಿ ನಗೆಚಾಟಿಕೆ. ಡ್ರೈವರನ ಪಕ್ಕದ ಮೈಕು ಕೈಯಿಂದ ಕೈಗೆ ಹಿಂದಕ್ಕೆ ಬರುತ್ತಿತ್ತು. ಬನೂಬ ಬೇಡವೆಂದ. ರಮ್ಸಿ, "ಒಂದೇ ಒಂದು, ಅಬೂನಾ ಅರ್ಸಾನಿ! ಪಾಪ, ಅವರ ದನಿ ಕೇಳದೆ ಮೂರು ತಿಂಗಳಾಯ್ತು," ಎಂದ. ಆ 'ಪಾಪ' ಎಂಬ ಮಾತಿಗೆ ಬನೂಬ ಸೋತ. ಅದು ಪ್ರೀತಿಯೇ ಇರಬಹುದೆಂದು ಅವನಿಗೂ ಅನಿಸಿತ್ತು. ಮೈಕು ಹಿಡಿದು ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮಿದ್ದೇ ತಡ, ಬಸ್ಸಿಗೆ ಬಸ್ಸೇ ಕೂಗಿಕೊಂಡಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಗು ಬಂದಾಗ ನಿಲ್ಲಿಸಿದ್ದು ಅವನ ಆಯುಸ್ಸಿನಲ್ಲೇ ಇಲ್ಲ. ವಿಮೋಚನೆಯ ಪ್ರಾರ್ಥನೆಯನ್ನು ಪೂರ್ತಿ, ಮೊದಲಿನಿಂದ ಕೊನೆಯವರೆಗೆ, ಅಬೂನಾ ನುಂಗುವ ಅಕ್ಷರ ನುಂಗಿ, ಅವರು ಉಸಿರು ತೆಗೆದುಕೊಳ್ಳುವಲ್ಲಿ ಉಸಿರು ತೆಗೆದುಕೊಂಡು ಹೇಳಿ ಮುಗಿಸಿದ. ಮೂರನೆಯ ಸಾಲಿನಲ್ಲಿ ತೂಕಡಿಸುತ್ತಿದ್ದ ವಿಕ್ತೋರಿಯಾ ಅಜ್ಜಿ, ಎರಡು ಕಣ್ಣಲ್ಲೂ ಪೊರೆ, ಎಂಬತ್ತೊಂದು ವರ್ಷ, ಎದ್ದು ನಿಂತಿದ್ದಳು. ಮುಂದಿನ ಸೀಟಿನ ಬೆನ್ನು ಹಿಡಿದು, ತಲೆ ಬಾಗಿಸಿ, ತುಟಿ ಅಲ್ಲಾಡಿಸುತ್ತಿದ್ದಳು. ಅವನು ಮುಗಿಸಿದಾಗ ಶಿಲುಬೆಯ ಗುರುತು ಹಾಕಿಕೊಂಡು, "ಆಮೆನ್ ಅಬೂನಾ. ದನಿ ಬಂತಲ್ಲ, ದೇವರು ದೊಡ್ಡೋನು," ಎಂದಳು. ಹಿಂದಿನವರು ಮತ್ತಷ್ಟು ನಕ್ಕರು. ಮುಂದಿನವರು ನಗಲಿಲ್ಲ. ಅವತ್ತು ಮಠದಲ್ಲಿ ಅವಳು ಪ್ರಸಾದ ತೆಗೆದುಕೊಂಡಳು. ಯಾರೂ ಏನೂ ಹೇಳಲಿಲ್ಲ. ಹೇಳಬೇಕಾದವನು ಚಳಿಯೆಂದು ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ.

ಹೋದ ವಾರ ಅಜ್ಜಿ ತೀರಿಹೋದಳು. ಸಾವಿನ ಮನೆಯಲ್ಲಿ ಸಕ್ಕರೆಯಿಲ್ಲದ ಕಾಫಿಯ ಬಟ್ಟಲು ಹಿಡಿದು ಕೂತಿದ್ದಾಗ ಅವಳ ಮಗಳು, ಬಸ್ಸಿನಲ್ಲಿ ಇಲ್ಲದಿದ್ದವಳು, ಅಳುತ್ತ ನಗುತ್ತ ಎಲ್ಲರಿಗೂ ಹೇಳುತ್ತಿದ್ದಳು: "ಕೊನೇ ದಿನ ಹೊಸ ಪಾದ್ರಿ ಅಬೂನಾ ಯುಸ್ತುಸ್ ಬಂದ್ರು, ಪಾಪ ಹೇಳ್ಕೊಳ್ಳಿ ಅಜ್ಜಿ ಅಂದ್ರು. ಅಮ್ಮ ಬೇಡ ಅಂದ್ಳು ಕಣ್ರೀ! ನನಗೆ ಆಗಿದೆ, ಅಬೂನಾ ಅರ್ಸಾನಿ ಬಸ್ಸಿಗೇ ಬಂದು ಕೊಟ್ಟು ಹೋಗಿದ್ದಾರೆ ಅಂದ್ಳು. ಅವರು ಆಗ ಹಾಸಿಗೆ ಬಿಟ್ಟು ಏಳೋ ಸ್ಥಿತೀಲೂ ಇರಲಿಲ್ಲ! ಇದು ಪವಾಡ ಅಲ್ದೆ ಇನ್ನೇನು ಹೇಳಿ." ಸೇರಿದ್ದ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಬಸ್ಸಿನಲ್ಲಿದ್ದ ರಮ್ಸಿ ತನ್ನ ಬಟ್ಟಲಿನೊಳಗೆ ನೋಡಿದ. ಬನೂಬ ತನ್ನ ಬಟ್ಟಲಿನೊಳಗೆ ನೋಡಿದ. ತಳದಲ್ಲಿ ಗಸಿ ಮಾತ್ರ ಇತ್ತು. ಒಬ್ಬ ಮುದುಕಿ ಒಂದು ಅಣಕವನ್ನು ಎದೆಗಪ್ಪಿಕೊಂಡು, ನಿಜವಾದ ಪಾದ್ರಿಯನ್ನು ಬಾಗಿಲಿಂದ ಕಳಿಸಿ, ದೇವರ ಮುಂದೆ ಹೋಗಿ ನಿಂತಿದ್ದಳು. ಅಲ್ಲಿ ಅವಳನ್ನು ಕೇಳಿದರೆ ಏನನ್ನು ತೋರಿಸುತ್ತಾಳೆ?

ಅಬೂನಾ ಯುಸ್ತುಸರ ಹತ್ತಿರ ಹೋಗಿರಲಿಲ್ಲವೆಂದಲ್ಲ. ಮೊನ್ನೆ ಮಂಗಳವಾರ ಸಾಲಿನಲ್ಲಿ ನಿಂತಿದ್ದ. ಒಳಗಿನಿಂದ ಆ ಎಳೆಯ ಪಾದ್ರಿಯ ದನಿ ತೇಲಿ ಬರುತ್ತಿತ್ತು, "ಸರಿ, ಸರಿ, ಮುಂದೆ?" ಎನ್ನುವಾಗ ಕೊನೆಗೆ ಚಿಕ್ಕದೊಂದು ಶಿಳ್ಳೆ. ತನ್ನ ಸರದಿಗೆ ಇನ್ನು ಇಬ್ಬರಿರುವಾಗ ಬನೂಬನ ಹಲ್ಲಿನ ಸಂದಿಯಲ್ಲಿ ಆ ಶಿಳ್ಳೆ ಕೂತುಬಿಟ್ಟಿತ್ತು. ಅವನು ಸಾಲು ಬಿಟ್ಟು ಹೊರಗೆ ಬಂದ.

ಐದನೆಯ ಮಹಡಿಯ ಬಾಗಿಲನ್ನು ತಾಸೋನಿ ಫೀಬಿ ತೆರೆದರು. ಪಾದ್ರಿಯ ಹೆಂಡತಿಯನ್ನು ಎಲ್ಲರೂ ಅಕ್ಕನೆಂಬ ಅರ್ಥದಲ್ಲಿ ತಾಸೋನಿ ಎನ್ನುವುದು ವಾಡಿಕೆ. ಇವರಂತೂ ಎಲ್ಲರಿಗೂ ಅಕ್ಕನೇ, ಗದರಿಸುವುದರಲ್ಲೂ.

"ಅಂತೂ ದಾರಿ ಸಿಕ್ತಾ? ಆರು ತಿಂಗಳು ಬೇಕಾಯ್ತಾ ಐದು ಮಹಡಿ ಹತ್ತೋಕೆ?"

"ಲಿಫ್ಟು ಕೆಟ್ಟಿತ್ತು ತಾಸೋನಿ."

"ಹೂಂ, ನಾನೂ ಹಾಗೇ ಅಂದ್ಕೊಂಡೆ." ಕಿತ್ತಳೆಯ ಚೀಲ ತೆಗೆದುಕೊಂಡು ತೂಗಿ ನೋಡಿದರು. "ವಿಷಯ ಗೊತ್ತಾಯ್ತಾ? ನಮ್ಮೆಜಮಾನ್ರು ಬಸ್ಸಲ್ಲಿ ಕಾಣಿಸ್ಕೊಂಡ್ರಂತೆ. ಬಚ್ಚಲಿಗೆ ಕರ್ಕೊಂಡು ಹೋಗೋಕೆ ಇಬ್ಬರು ಬೇಕು, ನತ್ರೂನ್ ಕಣಿವೆಗೆ ಒಬ್ಬರೇ ಹೋಗಿ ಬಂದಿದ್ದಾರೆ. ನನಗೊಂದು ಮಾತೂ ಹೇಳಿಲ್ಲ." ನಗಲಿಲ್ಲ. ಅವನ ಮುಖವನ್ನೇ ಒಂದು ಗಳಿಗೆ ನೋಡಿ, "ಒಳಗೆ ಹೋಗು. ಒಲೆ ಮೇಲೆ ಕಾಳು ಇಟ್ಟಿದ್ದೀನಿ," ಎಂದು ಅಡುಗೆಮನೆಗೆ ಸರಿದರು.

ಅಬೂನಾ ಬಾಲ್ಕನಿಯ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. ಎದುರು ಮನೆಯ ಒಗೆದ ಬಟ್ಟೆಗಳ ನೆರಳು ಅವರ ಮಡಿಲಿನ ಮೇಲೆ ಆಡುತ್ತಿತ್ತು. ಮುಖದ ಬಲಭಾಗ ಯಾರೋ ಬೇರೆಯವರದು, ನಿದ್ದೆಯಲ್ಲಿರುವವರದು. ಎಡಭಾಗ ಮಾತ್ರ ಅಬೂನಾ. ಆ ಎಡಗಣ್ಣು ಅವನನ್ನು ಕಂಡು ಅರಳಿತು. ತುಟಿ ಒಂದು ಕಡೆಗೆ ಜಾರಿ, "ಬ್ವಾ," ಎಂದಿತು. ಬಾ ಎಂದಿರಬೇಕು, ಅಥವಾ ಬನೂಬ್ ಎಂದೋ. ಬನೂಬ ಎಡಗೈಗೆ ಮುತ್ತಿಟ್ಟು ನೆಲದ ಮೇಲೆ ಕೂತ. ಮೆಟ್ಟಿಲಿಗೊಂದರಂತೆ ಜೋಡಿಸಿದ್ದ ಮಾತುಗಳು ಹೊಸಲಿನಲ್ಲೇ ಚೆಲ್ಲಿಹೋಗಿದ್ದವು. ಹಾಗಾಗಿ ಹೇಗೆ ಬಂತೋ ಹಾಗೆ ಹೇಳಿದ: ಬಸ್ಸು, ಮೈಕು, ಅಜ್ಜಿ, ಬಟ್ಟಲ ಗಸಿ, ಪವಾಡ. ಮಧ್ಯದಲ್ಲಿ ಅಜ್ಜಿ ಆಮೆನ್ ಎಂದದ್ದನ್ನು ಹೇಳುವಾಗ ಅವಳ ದನಿ ಬಂದುಬಿಟ್ಟಿತು, ನಾಲಿಗೆ ಕಚ್ಚಿಕೊಂಡ. ಬಹೀಗಾಳ ಚಹಾದ ಮಾತನ್ನೂ ಹೇಳಿದ. ಹೇಳಿ ಮುಗಿಸಿ ತಲೆಯೆತ್ತಿದರೆ ಅಬೂನಾರ ಎದೆ ಕುಲುಕುತ್ತಿತ್ತು. ಎಡಗಣ್ಣಿನಲ್ಲಿ ನೀರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ಯಾವ ಮುಖವನ್ನಾದರೂ ಅರೆ ಕ್ಷಣದಲ್ಲಿ ಓದಿ ತನ್ನದಾಗಿಸಿಕೊಳ್ಳುವವನಿಗೆ ಅರ್ಧ ಮುಖ ಓದಲು ಬರಲಿಲ್ಲ.

"ಅಜ್ಜಿ ಗತಿ ಏನು ಅಬೂನಾ?" ಎಂದ. "ನನ್ನದು ಹೋಗಲಿ. ಅವಳಿಗೆ ಸಿಕ್ಕಿದ್ದು ನನ್ನ ಹಾಸ್ಯ."

ಅಬೂನಾ ಎಡಗೈ ಎತ್ತಿ, ಒಂದು ಬೆರಳಿನಿಂದ ಅವನ ಅಂಗಿಯ ಜೇಬನ್ನು ತಟ್ಟಿದರು. ಅಲ್ಲಿ ಪೋಸ್ಟಾಫೀಸಿನ ಗುರುತಿನ ಚೀಟಿ ಇತ್ತು. ಬೆರಳು ಜೇಬಿನಿಂದ ಹೊರಟು ಗಾಳಿಯಲ್ಲಿ ನಿಧಾನವಾಗಿ ಮೇಲಕ್ಕೆ ಹೋಯಿತು, ಒಗೆದ ಬಟ್ಟೆಗಳನ್ನು ದಾಟಿ, ಎದುರು ಮನೆಯ ಮೇಲಿನ ತುಂಡು ಆಕಾಶದ ಕಡೆಗೆ. ಅಲ್ಲಿ ಅಂಗೈ ಬಿಚ್ಚಿಕೊಂಡಿತು, ಕಾಗದ ಕೈಸೇರಿದ ಹಾಗೆ. ತಲುಪಿತು. ಕೌಂಟರಿನಲ್ಲಿ ದಿನಕ್ಕೆ ನೂರು ಸಲ ಜನ ಅವನನ್ನು ಕೇಳುವ ಪ್ರಶ್ನೆ: ತಲುಪಿತಾ? ಯಾರ ಕೈಬರಹವಾದರೇನು, ತಂದ ಅಂಚೆಯವನು ಕುಡಿದಿದ್ದರೇನು. ಬನೂಬನಿಗೆ ಅದನ್ನು ನಂಬಬೇಕೆಂದು ಎಷ್ಟು ಆಸೆಯಾಯಿತೆಂದರೆ, ಆ ಆಸೆಯ ಮೇಲೇ ಅನುಮಾನ ಬಂತು.

ಅಬೂನಾ ಕುರ್ಚಿಯ ಪಕ್ಕದಿಂದ ಕೈಶಿಲುಬೆ ತೆಗೆದುಕೊಂಡರು. ಬನೂಬ ಮೊಣಕಾಲೂರಿ ತಲೆ ಬಾಗಿಸಿದ. ಶಿಲುಬೆಯ ತಣ್ಣನೆಯ ಭಾರ ನೆತ್ತಿಯ ಮೇಲೆ ಬಂದು ಕೂತಿತು. ಮೇಲೆ ತುಟಿಗಳು ಒದ್ದಾಡುವ ಶಬ್ದ, ಉಸಿರು, ಎಂಜಲು, ಮಾತಿಲ್ಲ. ಅವನು ಕಾದ. ಕೆಳಗೆ ರಸ್ತೆಯಲ್ಲಿ ಮೈಕ್ರೋಬಸ್ಸಿನವನು ಜನರನ್ನು ಕೂಗಿ ಕರೆಯುತ್ತಿದ್ದ. ಮಾತಿಲ್ಲದೆ ಆಗುತ್ತದೆಯೇ? ಅಂಟಿಸಿದ ಲಕೋಟೆ, ಮೇಲೆ ವಿಳಾಸವಿಲ್ಲ. ಅಷ್ಟರಲ್ಲಿ ಶಿಲುಬೆ ನೆತ್ತಿಯಿಂದ ಎದ್ದು, ಕೆಳಗೆ ಬಂದು, ಅವನ ತುಟಿಗಳ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿತು.

"ಬೇಡ ಅಬೂನಾ," ಎಂದ ಬನೂಬ.

ಮತ್ತೆ ತಟ್ಟಿತು. ಆಮೇಲೆ ನೆತ್ತಿಗೆ ಹೋಗಿ ಕೂತು ಕಾಯತೊಡಗಿತು.

ಇದಕ್ಕಿಂತ ದೊಡ್ಡ ಸಭೆಯ ಮುಂದೆ ಅವನು ಎಂದೂ ನಿಂತಿರಲಿಲ್ಲ. ಆದಷ್ಟು ಮರ್ಯಾದೆಯಿಂದ, ಅಬೂನಾರ ದನಿಯಲ್ಲೂ ಅಲ್ಲದೆ ತನ್ನದರಲ್ಲೂ ಅಲ್ಲದೆ, ಶಾಲೆಯ ಪಾಠ ಒಪ್ಪಿಸುವವನಂತೆ, "ಒಡೆಯನೇ..." ಎಂದು ಶುರುಮಾಡಿದ. ನೆತ್ತಿಗೆ ಟಕ್ಕೆಂದು ಪೆಟ್ಟು ಬಿತ್ತು. ತಲೆಯೆತ್ತಿ ನೋಡಿದ. ಅಬೂನಾರ ಎಡಹುಬ್ಬು ಸಿಟ್ಟಿನಿಂದ ಗಂಟಿಕ್ಕಿತ್ತು. ಶಿಲುಬೆ ಹಿಡಿದ ಕೈಯ ಬೆರಳೊಂದು ಅವರ ಸ್ವಂತ ಗಂಟಲನ್ನು ತೋರಿಸುತ್ತಿತ್ತು. ಬನೂಬನಿಗೆ ಅರ್ಥವಾಯಿತು. ಕೆಮ್ಮು ಬಿಟ್ಟಿದ್ದ.

ಕೆಮ್ಮಿದ. ಎರಡು ಗಿಡ್ಡ, ಒಂದು ಉದ್ದ. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಮುಂದಿನದು ತಾನಾಗಿ ಬಂತು: ನುಂಗಿದ ಅಕ್ಷರಗಳು, ಉಸಿರಿನ ಜಾಗಗಳು, ಆ ಗೊರಗೊರ ದನಿ. ಒಡೆಯನೇ, ನಿನ್ನ ಮುಂದೆ ತಲೆ ತಗ್ಗಿಸಿದ ನಮ್ಮನ್ನು ಬಿಡಿಸು, ತಿಳಿದು ಮಾಡಿದ್ದರಿಂದ, ತಿಳಿಯದೆ ಮಾಡಿದ್ದರಿಂದ. ನೂರಾರು ಸಲ ಕೇಳಿ, ಹತ್ತಾರು ಸಲ ಅಣಕಿಸಿದ್ದ ಆ ಪ್ರಾರ್ಥನೆಯಲ್ಲಿ 'ನಮ್ಮನ್ನು' ಎಂದಿರುವುದನ್ನು ಅವನು ಗಮನಿಸಿದ್ದು ಈಗ. ಶಿಲುಬೆ ಹಿಡಿದವರೂ ಅದರೊಳಗೇ ಇದ್ದರು, ಅಜ್ಜಿಯೂ ಇದ್ದಳು. ಮಾತು ಇವನ ಬಾಯಿಂದ ಬರುತ್ತಿತ್ತು, ಭಾರ ಶಿಲುಬೆ ಹಿಡಿದ ಕೈಯಿಂದ. ಮುಗಿಸಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ತಾಸೋನಿ ನಿಂತಿದ್ದರು. ಒದ್ದೆ ಕೈಗಳನ್ನು ಎದೆಗೊತ್ತಿಕೊಂಡು, ತಲೆ ಬಾಗಿಸಿ, ಅಜ್ಜಿ ಬಸ್ಸಿನಲ್ಲಿ ನಿಂತಂತೆಯೇ. ಅವರು ತಲೆಯೆತ್ತಲಿಲ್ಲ. "ಕಾಳು ಸೀದುಹೋಯ್ತು," ಎಂದರು ಮೆಲ್ಲಗೆ, ಯಾರಿಗೂ ಅಲ್ಲ, ಮತ್ತೆ ಒಳಗೆ ಹೋದರು.

ಇಳಿಯುವಾಗ ಮೆಟ್ಟಿಲುಗಳೇ ಇರಲಿಲ್ಲವೆನ್ನುವ ಹಾಗೆ ಇಳಿದ. ನಾಳೆ ಬೆಳಿಗ್ಗೆ ನೀರು ಮುಟ್ಟದೆ ಚರ್ಚಿಗೆ ಹೋಗುತ್ತಾನೆ, ರಮ್ಸಿ ನೋಡಲಿ. ಅಜ್ಜಿಯ ಮಗಳ ಮನೆಗೂ ಹೋಗಿ ನಿಜ ಹೇಳುತ್ತಾನೆ, ಬೈದರೆ ಬೈಯಲಿ. ಮೂರನೆಯ ಮಹಡಿಯಲ್ಲಿ ಒಂದು ಬೆಕ್ಕು ಅವನಿಗೆ ದಾರಿ ಬಿಟ್ಟಿತು. ಬೆಕ್ಕಿಗೂ ಗೊತ್ತಾಗಿದೆ ಎನಿಸಿತು. ಬಾಗಿಲಲ್ಲಿ ಹಸಾನೀನ್ ಲೋಟ ತೊಳೆಯುತ್ತಿದ್ದ.

"ಹೆಂಗದಾರ್ರೀ ಅಬೂನಾ? ಮಾತು ಬರ್ತದೇನ್? ಏನಂದ್ರು ನಿಮಗ?"

ಕಾಳಜಿಯಿಂದಲೇ ಕೇಳಿದ್ದ. ಬನೂಬ ಉತ್ತರ ಕೊಡಲೆಂದೇ ಬಾಯಿ ತೆರೆದ. ಬಾಯಿ ಎಡಕ್ಕೆ ಜಾರಿತು. ಬಲಗೆನ್ನೆ ಇಳಿಬಿತ್ತು, ಕಣ್ಣೊಂದು ಅರ್ಧ ಮುಚ್ಚಿತು. "ಬ್ವಾ," ಎಂದ, ತುಟಿಯಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಸಮೇತ. ಎಷ್ಟು ಸರಿಯಾಗಿ ಬಂತೆಂದರೆ ಹಸಾನೀನ್ ಒಂದು ಗಳಿಗೆ ಬೆದರಿದ, ಮರುಗಳಿಗೆ ತೊಡೆ ತಟ್ಟಿಕೊಂಡು, "ಯಪ್ಪಾ! ಅವರ, ಥೇಟ್ ಅವರ! ಅಂಗಡಿ ತೆರೀತಲ್ರೀ ಉಸ್ತಾದ್!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಬನೂಬ ರಸ್ತೆಗೆ ಬಂದ. ಬಾಯಿ ಇನ್ನೂ ಸೊಟ್ಟಗೇ ಇತ್ತು. ಕೈಯಿಂದ ಒತ್ತಿ ನೇರಮಾಡಿಕೊಂಡ. ಎಷ್ಟು ಹೊತ್ತಾಗಿತ್ತು? ನೆತ್ತಿಯ ಮೇಲೆ ಶಿಲುಬೆ ತಟ್ಟಿದ ಜಾಗ ಇನ್ನೂ ಚುರುಗುಡುತ್ತಿತ್ತು. ಐದು ಮಹಡಿ ಇಳಿಯುವಷ್ಟು ಹೊತ್ತು. ಅಬೂನಾ ತಮ್ಮ ದನಿಯನ್ನು ತಾವೇ ಕೊಟ್ಟಿದ್ದರು, ಅದಕ್ಕೆ ಪ್ರತಿಯಾಗಿ ಅವರ ಸೊಟ್ಟ ಬಾಯನ್ನು ತಂದು ಬಾಗಿಲಲ್ಲಿ ಮಾರಿದ್ದ. ಬೀದಿಯ ತುದಿಯವರೆಗೆ ನಡೆದ. ಅಲ್ಲಿ ಚರ್ಚಿನ ಗೋಡೆ. ಗರಿ ಹೆಣೆಯುವ ಹೆಂಗಸೊಬ್ಬಳು ಕತ್ತೆಯೊಂದನ್ನು ಅವನ ಮುಂದೆ ಹಿಡಿದು, "ತಗೊಳಪ್ಪಾ, ಮಕ್ಕಳಿಗೆ," ಎಂದಳು. ಮಕ್ಕಳಿಲ್ಲವೆಂದು ತಲೆಯಾಡಿಸಿದ. ಮನೆಗೆ ಹೋಗಬಹುದು. ಬೀಗ ತೆಗೆದು ಚಹಾ ಕೇಳಬಹುದು, ಬೇಡವೆನ್ನಬಹುದು. ಈಸ್ಟರಿಗೆ ಕಂಬವಿದೆ. ಕಂಬದ ಹಿಂದೆ ಯಾರೂ ಯಾರನ್ನೂ ಅಣಕಿಸುವುದಿಲ್ಲ, ಯಾರೂ ಯಾರನ್ನೂ ಕರೆಯುವುದೂ ಇಲ್ಲ. ಎಷ್ಟು ನೆಮ್ಮದಿ. ಹಾಗೆ ನಿಂತು ನಿಂತು ಒಂದು ದಿನ ತಾನೂ ಕಂಬವಾಗಿಬಿಡುವುದು ಅವನಿಗೆ ಅಲ್ಲೇ, ಆ ಗರಿಗಳ ಹಸಿ ವಾಸನೆಯ ನಡುವೆ, ಸ್ಪಷ್ಟವಾಗಿ ಕಂಡಿತು. ಬರೋದು ನಿಲ್ಲಿಸಿದ ದಿನ ಭಯ. ಅದು ಅಬೂನಾರ ಮಾತು, ಆದರೆ ನೆನಪಿನಲ್ಲಿ ಅದು ಯಾರ ದನಿಯಲ್ಲೂ ಇರಲಿಲ್ಲ.

ತಿರುಗಿ ಬಂದಾಗ ಹಸಾನೀನ್ ಇನ್ನೂ ಒಳಗೊಳಗೇ ನಗುತ್ತಿದ್ದ. "ಏನ್ರೀ, ಮತ್ತ ಮ್ಯಾಲ?"

"ಮತ್ತೆ ಮೇಲೆ," ಎಂದ ಬನೂಬ.

ಈ ಸಲ ಮೆಟ್ಟಿಲಿಗೊಂದು ಮಾತು ಜೋಡಿಸಲಿಲ್ಲ. ಜೋಡಿಸಲು ಏನೂ ಇರಲಿಲ್ಲ. ಮೊ‌ಣಕಾಲು ನೋಯುತ್ತಿತ್ತು, ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಗೋಡೆಗೆ ಕೈಕೊಟ್ಟು ನಿಂತ. ಬೆಕ್ಕು ಈಗ ಏಳಲಿಲ್ಲ. ಅವನೇ ಬಳಸಿಕೊಂಡು ಹೋದ. ಬಾಗಿಲು ತೆರೆದ ತಾಸೋನಿಯ ಕಣ್ಣು ಕೆಂಪಗಿತ್ತು. ಕೈಯಲ್ಲಿ ಸುಲಿಯುತ್ತಿದ್ದ ಕಿತ್ತಳೆ.

"ಏನಪ್ಪಾ, ಏನಾದ್ರೂ ಮರೆತ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವರು ಅವನ ಮುಖ ನೋಡಿದರು, ಬಾಯಿ ನೋಡಿದರು, ಪಕ್ಕಕ್ಕೆ ಸರಿದರು.

ಬಟ್ಟೆಗಳ ನೆರಳು ಅಬೂನಾರ ಮಡಿಲಿನಿಂದ ಇಳಿದು ನೆಲಕ್ಕೆ ಬಂದಿತ್ತು. ಅವರು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ಕೈಶಿಲುಬೆ ಇನ್ನೂ ಎಡಗೈಯಲ್ಲೇ ಇತ್ತು. ಕೆಳಗಿಟ್ಟಿರಲಿಲ್ಲ.

ಬನೂಬ ಅವರ ಕಾಲ ಬಳಿ ಕೂತ. "ಅದೇ, ಅಬೂನಾ," ಎಂದ. ಒಡಕು ದನಿ, ತೆಳ್ಳಗಿತ್ತು, ಎಲ್ಲೂ ಕೇಳಿದ ನೆನಪಿರಲಿಲ್ಲ. ಯಾರದೆಂದು ಗೊತ್ತಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅವನು ತಲೆ ತಗ್ಗಿಸಿದ. ನೆತ್ತಿಯ ಮೇಲೆ ಭಾರ ಬಂದು ಕೂತಿತು.

ಮೇಲೆ ಅಬೂನಾ ಅರ್ಸಾನಿ ಕೆಮ್ಮಿದರು. ಎರಡು ಗಿಡ್ಡ, ಒಂದು ಉದ್ದ. ಆ ಕೆಮ್ಮಿಗೆ ಏನೂ ಆಗಿರಲಿಲ್ಲ.